ಕ್ಯಾಮೆರಾ ಮಾಮನ ಕೆಂಪು ದೀಪ

ತಂಗಿಯ ಮಗಳು ಅಷ್ಟು ದೊಡ್ಡ ಮಶೀನನ್ನು ಎದೆಗವಚಿಕೊಂಡು ಮೂರು ಮಹಡಿ ಹತ್ತಿ ಬಂದದ್ದು ನೋಡಿ ಕ್ಯಾಮೆರಾ ಮಾಮನಿಗೆ ಮೊದಲು ಸಂತೋಷವೇ ಆಯಿತು. ಹೊಸ ಸಾಮಾನು ತಂದರೆ ಹುಡುಗಿ ಮೊದಲು ಮಾಮನ ಮನೆಗೇ ತರುತ್ತಾಳೆ ನೋಡು ಎಂಬಂತೆ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಹಾರಿದ ಹುಬ್ಬು ಇನ್ನೂ ಕೆಳಗಿಳಿದಿರಲಿಲ್ಲ. ಅಷ್ಟರಲ್ಲಿ ಅವಳು ಮಶೀನನ್ನು ಟಿವಿ ಪಕ್ಕ ಇಳಿಸಿ, ಬೆವರು ಒರೆಸಿಕೊಂಡು, "ಮಾಮಾ, ನಾಳೆ ಅಪ್ಪ-ಅಮ್ಮನ ಮದುವೆಯಾಗಿ ಇಪ್ಪತ್ತೈದು ವರ್ಷ. ಆ ಮದುವೆ ಕ್ಯಾಸೆಟ್ ತೆಗಿ. ಇವತ್ತೇ ಡಿಸ್ಕ್ ಮಾಡಿಬಿಡೋಣ. ನಾಳೆ ಎಲ್ಲರ ಮುಂದೆ ಹಾಕೋದು," ಅಂದಳು.

ಮಾಮನ ಹುಬ್ಬು ಈಗ ಇಳಿಯಿತು.

"ಅದಕ್ಕೆ ಫಂಗಸ್ ಹಿಡಿದಿದೆಯಲ್ಲೇ ಪುಟ್ಟೀ," ಅಂದ.

"ನಾನು ಹುಟ್ಟಿದಾಗಿನಿಂದ ಕೇಳ್ತಿದೀನಿ ಮಾಮ. ನನ್ನ ಜೊತೆಗೇ ಬೆಳೀತು ನಿನ್ನ ಫಂಗಸ್ಸು. ನಾನು ಕೆಲಸಕ್ಕೂ ಸೇರಿದೆ, ಅದಿನ್ನೂ ಹಾಗೇ ಇದೆ. ತೆಗಿ, ನೋಡೋಣ."

ಪುಟ್ಟಿ ಅನ್ನುವುದು ಮಾಮ ಕರೆಯುವ ಹೆಸರು ಅಷ್ಟೇ. ಆಳು ಪುಟ್ಟಿಯೇನಲ್ಲ. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ಕೆಲಸ. ದಿನಕ್ಕೆ ನೂರು ಜನಕ್ಕೆ ಉಸಿರು ಬಿಗಿಹಿಡೀರಿ, ಉಸಿರು ಬಿಡಿ ಅಂತ ಹೇಳಿ ಹೇಳಿ, ಮನೆಯಲ್ಲೂ ಅವಳು ಮಾತಾಡಿದರೆ ಎದುರಿಗಿದ್ದವರು ತಮಗೆ ಗೊತ್ತಿಲ್ಲದೇ ಎದೆ ಸೆಟೆಸಿ ನಿಲ್ಲುತ್ತಿದ್ದರು. ಮಾಮನೂ ನಿಂತ.

ಈಗ ಮಾಮನ ವಿಷಯ ಸ್ವಲ್ಪ ಹೇಳಲೇಬೇಕು. ಅವನು ಕ್ಯಾಮೆರಾ ಹಿಡಿದು ಹೊಟ್ಟೆ ಹೊರೆದವನಲ್ಲ. ಎರಡು ವರ್ಷದ ಹಿಂದೆ ನಿವೃತ್ತಿಯಾಗುವವರೆಗೂ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಆದರೆ ಮನೆತನದಲ್ಲಿ ಯಾರ ಮದುವೆಯಾಗಲಿ, ಯಾರ ಮಗು ಮೊದಲ ಹೆಜ್ಜೆ ಇಡಲಿ, ಹೆಗಲ ಮೇಲೆ ಕ್ಯಾಮೆರಾ ಇಟ್ಟುಕೊಂಡು "ಈ ಕಡೆ ನೋಡಿ, ಈ ಕಡೆ! ಹಲ್ಲು ಕಾಣಲಿ!" ಅಂತ ಕೂಗುತ್ತಿದ್ದವನು ಅವನೇ. ಆ ಹೆಸರು ಹಾಗೆ ಅಂಟಿಕೊಂಡಿತು. ಬೀರುವಿನ ಕೆಳಗಿನ ಅರೆಯಲ್ಲಿ ಮೂವತ್ತೊಂದು ಕ್ಯಾಸೆಟ್ಟು, ಎಲ್ಲಕ್ಕೂ ಸ್ಟೋರಿನ ಪದ್ಧತಿಯಂತೆ ಚೀಟಿ: ನಂಬರು, ತಾರೀಖು, ವಿವರ, ಸ್ಥಿತಿ. ಮೂವತ್ತರ ಮೇಲೆ "ಸ್ಥಿತಿ: ಉತ್ತಮ" ಅಂತಿತ್ತು. ಒಂದನೇ ನಂಬರಿನ ಮೇಲೆ ಮಾತ್ರ "ತಂಗಿಯ ಮದುವೆ. ಪೂರ್ತಿ. ಸ್ಥಿತಿ: ಪರಿಶೀಲನೆಯಲ್ಲಿದೆ."

ಇಪ್ಪತ್ತೈದು ವರ್ಷದಿಂದ ಪರಿಶೀಲನೆಯಲ್ಲಿತ್ತು. ಮೊದಲ ವರ್ಷ ಪ್ಲೇಯರಿನ ಹೆಡ್ಡು ಕೊಳೆಯಾಗಿದೆ ಅಂದ. ಆಮೇಲೆ ಇದು ಮಾಮೂಲಿ ಟೇಪಲ್ಲ, ಮಾಮೂಲಿ ಪ್ಲೇಯರಿನಲ್ಲಿ ಹಾಕಿದರೆ ಹರಿಯುತ್ತದೆ ಅಂದ. ಅದೂ ಹಳಸಿದ ಮೇಲೆ ಫಂಗಸ್ಸಿಗೆ ಬಂದು ನಿಂತ. ತಂಗಿ ಬಂದಾಗಲೆಲ್ಲ "ಅಣ್ಣಾ, ಫಂಗಸ್ ಹೇಗಿದೆ?" ಅಂತ ಮನೆಯ ಹಿರಿಯರ ಆರೋಗ್ಯ ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದಳು. "ಔಷಧಿ ಹಾಕಿಸಬೇಕು ಕಣೇ," ಅನ್ನುತ್ತಿದ್ದ ಮಾಮ, ಕಣ್ಣು ತಪ್ಪಿಸಿ.

ನಿಜ ಏನಪ್ಪಾ ಅಂದರೆ, ಆ ಕ್ಯಾಸೆಟ್ಟಿಗೆ ಫಂಗಸ್ಸೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅದರಲ್ಲಿ ಮದುವೆಯೇ ಇರಲಿಲ್ಲ.

ಆಗ ಮದುವೆಗೆ ವಿಡಿಯೋ ತೆಗೆಯುವವನೊಬ್ಬ ದೊಡ್ಡ ದೊಡ್ಡ ಲೈಟು ಹಾಕಿ ತೆಗೆದ ಮದುವೆಗಳ ಆಲ್ಬಂ ತೋರಿಸಿ ಮಾತಿಗೆ ಬಂದಿದ್ದ. ತಂಗಿಗೆ ಆಸೆಯಿತ್ತು. ಮಾಮನೇ ಅವನನ್ನು ಬಾಗಿಲಿನಿಂದ ವಾಪಸು ಕಳಿಸಿದ್ದು. "ಹೊರಗಿನವನಿಗೆ ಏನು ಗೊತ್ತಾಗತ್ತೆ ನಮ್ಮ ಹುಡುಗಿ ಮುಖ? ನಾನಿಲ್ವಾ?" ಅಂದ. ತಂಗಿ ಅಣ್ಣನ ಮಾತಿಗೆ ಎದುರಾಡಲಿಲ್ಲ. ಸರಿ ಅಣ್ಣ ಅಂದಳು. ಮಾಮ ಕಾರ್ಖಾನೆಯ ಮಾಲೀಕರ ಕ್ಯಾಮೆರಾ ಕೇಳಿ ತಂದ. ಮಾಲೀಕರು ಎರಡೇ ನಿಮಿಷದಲ್ಲಿ ಪಾಠ ಮುಗಿಸಿದರು: ಹೆಬ್ಬೆರಳಿನ ಹತ್ತಿರದ ಗುಂಡಿ ಒಂದು ಸಲ ಒತ್ತಿದರೆ ಶುರು, ಇನ್ನೊಂದು ಸಲ ಒತ್ತಿದರೆ ಬಂದ್, ಕಣ್ಣಿಟ್ಟು ನೋಡುವ ಕಿಂಡಿಯೊಳಗೊಂದು ಪುಟ್ಟ ಕೆಂಪು ದೀಪ ಇದೆ, ಅದನ್ನು ನೋಡಿಕೊಂಡರೆ ಸಾಕು. ಮಾಮ ತಲೆಯಾಡಿಸಿದ. ಕೆಂಪು ದೀಪದ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹದಿನೈದು ವರ್ಷ ಕಾರ್ಖಾನೆಯ ನೆಲದ ಮೇಲೆ ಓಡಾಡಿದವನು. ಅಲ್ಲಿ ಯಂತ್ರದ ಮೇಲೆ ಹಸಿರು ದೀಪ ಹತ್ತಿದರೆ ಓಡುತ್ತಿದೆ, ದೂರ ನಿಲ್ಲು. ಕೆಂಪು ಹತ್ತಿದರೆ ನಿಂತಿದೆ, ಕೈ ಹಾಕು. ಇದನ್ನು ಮರೆತವರು ಬೆರಳು ಕಳೆದುಕೊಳ್ಳುತ್ತಾರೆ. ಮಾಮನ ಹತ್ತೂ ಬೆರಳು ನೆಟ್ಟಗಿದ್ದವು.

ಹೀಗಾಗಿ ಮದುವೆಯ ದಿನ ಅವನು ಗುಂಡಿ ಒತ್ತಿ, ಕೆಂಪು ಕಂಡ ಕೂಡಲೇ "ಓ, ನಿಂತಿದೆ" ಅಂತ ಇನ್ನೊಂದು ಸಲ ಒತ್ತಿ, ಕೆಂಪು ಆರಿದ ಮೇಲೆ ಸಮಾಧಾನದಿಂದ ಶೂಟಿಂಗ್ ಶುರುಮಾಡಿದ. ತಂಗಿ ಒಳಗೆ ಬಂದಳು, ಉಂಗುರ ಹಾಕಿದರು, ಪುಸ್ತಕದಲ್ಲಿ ಸಹಿ ಹಾಕಿದರು, ಎಲ್ಲವನ್ನೂ ಉಸಿರು ಬಿಗಿಹಿಡಿದು ತೆಗೆದ. ಒಂದೂ ಟೇಪಿನ ಮೇಲೆ ಬೀಳಲಿಲ್ಲ. ಒಂದೊಂದು ಮುಗಿದಾಗಲೂ ಗುಂಡಿ ಒತ್ತಿ, ಕೆಂಪು ಬಂದದ್ದು ನೋಡಿ, "ಸದ್ಯ, ನಿಲ್ಲಿಸಿದೆ" ಅಂತ ಕ್ಯಾಮೆರಾವನ್ನು ಕೈಯಲ್ಲಿ ತೂಗಾಡಿಸಿಕೊಂಡು ಹೋದ. ಅದು ಅಷ್ಟು ಹೊತ್ತೂ ಓಡುತ್ತಿತ್ತು. ಮರುದಿನ ಸಂಜೆ ಹೆಂಡತಿ ಹೊರಗೆ ಹೋಗಿದ್ದಾಗ ಪ್ಲೇಯರಿಗೆ ಹಾಕಿ ನೋಡಿದರೆ ಬರೀ ಮದುವೆ ಹಾಲಿನ ನೆಲ, ಕುರ್ಚಿ ಕಾಲು, ಚಪ್ಪಲಿ, ಬೂಟು. ಇಪ್ಪತ್ತು ನಿಮಿಷ ನೋಡಿದ. ಇಪ್ಪತ್ತು ನಿಮಿಷವೂ ಚಪ್ಪಲಿ. ಮುಂದೆ ನೋಡುವ ಧೈರ್ಯ ಬರಲಿಲ್ಲ. ಕ್ಯಾಸೆಟ್ ತೆಗೆದು, ಚೀಟಿ ಅಂಟಿಸಿ, ಬೀರುವಿನ ಮೂಲೆಗೆ ತಳ್ಳಿದ. ಆಮೇಲೆ ಅದೇ ಹಟದಲ್ಲಿ ಕ್ಯಾಮೆರಾ ಕಲಿತ, ಚೆನ್ನಾಗಿಯೇ ಕಲಿತ. ಆದರೆ ತಂಗಿಗೆ ಇನ್ನೊಂದು ಮದುವೆ ಮಾಡಿಸಿ ತೆಗೆಯುವುದಕ್ಕೆ ಆಗುತ್ತದೆಯೇ?

"ಮಾಮ, ಇಲ್ಲಿ ನೋಡು." ಪುಟ್ಟಿ ತಂತಿ ಸಿಕ್ಕಿಸಿ ಮುಗಿಸಿದ್ದಳು. "ಎಡಗಡೆ ಬಾಯಿಗೆ ಕ್ಯಾಸೆಟ್. ಬಲಗಡೆ ಬಾಯಿಗೆ ಡಿಸ್ಕ್. ಎಡದಿಂದ ಬಲಕ್ಕೆ ಬಾಣ ಇದೆಯಲ್ಲ, ಈ ಗುಂಡಿ, ಇದನ್ನ ಒತ್ತಿದರೆ ಕ್ಯಾಸೆಟ್ಟಲ್ಲಿ ಇರೋದು ಡಿಸ್ಕಿಗೆ ಹೋಗತ್ತೆ. ಟೇಪ್ ಎಷ್ಟು ಹೊತ್ತು ಓಡತ್ತೋ ಅಷ್ಟೇ ಹೊತ್ತು ಹಿಡಿಯತ್ತೆ, ಅವಸರ ನಡೆಯಲ್ಲ. ಈ ಇನ್ನೊಂದು ಬಾಣ ಉಲ್ಟಾ. ಅದನ್ನ ಮಾತ್ರ ಮುಟ್ಟಬೇಡ. ಡಿಸ್ಕಲ್ಲಿ ಇರೋದು ಬಂದು ಕ್ಯಾಸೆಟ್ ಮೇಲೆ ಕೂತ್ಕೊಳತ್ತೆ, ಹಳೇದೆಲ್ಲ ಅಳಿಸಿಹೋಗತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು," ಅಂದ ಮಾಮ. ಬಹಳ ಚೆನ್ನಾಗಿ ಗೊತ್ತಾಗಿತ್ತು.

"ನಾನು ಖಾಲಿ ಡಿಸ್ಕ್ ತಗೊಂಡು, ಅಪ್ಪ-ಅಮ್ಮನ್ನೂ ಕರ್ಕೊಂಡು ಒಂದು ಗಂಟೇಲಿ ಬರ್ತೀನಿ. ಅಷ್ಟರಲ್ಲಿ ಫಂಗಸ್ ಇದ್ದರೆ ಒರೆಸಿಡು," ಅಂತ ಹೇಳಿ ಅವಳು ದಡದಡ ಮೆಟ್ಟಿಲಿಳಿದಳು.

ಮಾಮ ಬಾಗಿಲು ಹಾಕಿದ. ಅಡುಗೆಮನೆಯಲ್ಲಿ ಹೆಂಡತಿ ಐದು ಜನಕ್ಕೆ ಅಡುಗೆ ಮಾಡುತ್ತ ಪಾತ್ರೆಗಳ ಜೊತೆ ಜಗಳವಾಡುತ್ತಿದ್ದಳು. ಟಿವಿ ಕೆಳಗಿನ ಖಾನೆಯಲ್ಲಿ ಅವಳ ಬೆನ್ನುನೋವಿಗೆ ಅಂತ ವ್ಯಾಯಾಮ ಹೇಳಿಕೊಡುವ ಹೆಂಗಸು ಕೊಟ್ಟ ಡಿಸ್ಕೊಂದಿತ್ತು. ಮಾಮ ಅದನ್ನು ತೆಗೆದು ಬಲಗಡೆ ಬಾಯಿಗೆ ಹಾಕಿದ. ಎಡಗಡೆ ಬಾಯಿಗೆ ಒಂದನೇ ನಂಬರ್ ಕ್ಯಾಸೆಟ್. ಲೆಕ್ಕಾಚಾರ ಸರಳವಾಗಿತ್ತು: ಉಲ್ಟಾ ಬಾಣ ಒತ್ತುವುದು, ಮದುವೆ ಹೋಗಿ ಬೆನ್ನುನೋವು ಬರುವುದು, "ಅಯ್ಯೋ ಪುಟ್ಟೀ, ಬಾಣ ತಪ್ಪಾಯ್ತಲ್ಲೇ, ವಯಸ್ಸಾಯ್ತು ನೋಡು" ಅಂತ ತಲೆ ಚಚ್ಚಿಕೊಳ್ಳುವುದು. ತಂಗಿ ಅಳುತ್ತಾಳೆ. ಅತ್ತರೂ ಮಶೀನಿನ ಮೇಲೆ ಅಳುತ್ತಾಳೆ, ಅಣ್ಣನ ಮೇಲಲ್ಲ. ನಾಳೆ ನೂರು ಜನರ ಮುಂದೆ ಚಪ್ಪಲಿ ನೋಡುವುದಕ್ಕಿಂತ ಅದು ಮೇಲು. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ಹಾಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಮಾಮ ಗುಂಡಿ ಒತ್ತಿದ.

ಮಶೀನು ಕೊಂಯ್ ಅಂತು. ಕ್ಯಾಸೆಟ್ಟನ್ನು ಥೂ ಅಂತ ಉಗಿಯಿತು.

ಮತ್ತೆ ತುರುಕಿದ. ಮತ್ತೆ ಉಗಿಯಿತು. ಮೂರನೇ ಸಲ ಕ್ಯಾಸೆಟ್ಟನ್ನು ಕನ್ನಡಕದ ಹತ್ತಿರ ಹಿಡಿದು ಅದರ ಬೆನ್ನು ನೋಡಿದ. ಅಲ್ಲಿ ಪುಟ್ಟದೊಂದು ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಆ ಟೇಪಿನ ಮೇಲೆ ಬೇರೇನನ್ನೂ ತುಂಬಲು ಬರುವುದಿಲ್ಲ. ಮಿಕ್ಕ ಮೂವತ್ತು ಕ್ಯಾಸೆಟ್ಟಿನ ಹಲ್ಲನ್ನು ಮಾಮನೇ ಮುರಿದಿದ್ದ, ಉಗುರಿನಿಂದ, ಅಡ್ಡಾದಿಡ್ಡಿ. ಇದರದ್ದನ್ನು ಮುಟ್ಟಿರಲಿಲ್ಲ. ಯಾಕೆ ಮುಟ್ಟಾನು? ಚಪ್ಪಲಿಗೂ ಕಾವಲೇ? ಆದರೆ ಇದರದ್ದೂ ಹೋಗಿತ್ತು. ಅದೂ ಅಳತೆ ಹಿಡಿದು ಕೊಯ್ದ ಹಾಗೆ, ಬಹಳ ನಾಜೂಕಾಗಿ.

ಯಾರು ಏನು ಎಂದು ಯೋಚಿಸುತ್ತ ಕೂರಲು ಹೊತ್ತಿರಲಿಲ್ಲ. ಆ ತೂತಿನ ಮೇಲೆ ಏನಾದರೂ ಅಂಟಿಸಿದರೆ ಮಶೀನು ಮೋಸ ಹೋಗುತ್ತದೆ ಎಂದು ಮಾಮನಿಗೆ ಗೊತ್ತಿತ್ತು. ಔಷಧಿ ಡಬ್ಬಿಯಿಂದ ಗಾಯದ ಪ್ಲಾಸ್ಟರ್ ತೆಗೆಯುವಷ್ಟರಲ್ಲಿ ಹೆಂಡತಿ ಸೌಟು ಹಿಡಿದು ಬಂದು ನಿಂತಳು.

"ಯಾರಿಗ್ರೀ ಗಾಯ?"

"ನಂಗೇ. ಬೆರಳಿಗೆ."

"ಎಲ್ಲಿ, ತೋರ್ಸಿ?"

ತೋರಿಸುವುದಕ್ಕೇನಿದೆ? ಮಾಮ ಗಡಿಬಿಡಿಯಲ್ಲಿ ನೆಟ್ಟಗಿದ್ದ ಹೆಬ್ಬೆರಳಿಗೆ ಒಂದು ಪ್ಲಾಸ್ಟರ್ ಸುತ್ತಿ, "ಸಣ್ಣದು, ಬಿಡೇ," ಅಂದ. ಅವಳು ಹೋದ ಮೇಲೆ ಇನ್ನೊಂದನ್ನು ಕ್ಯಾಸೆಟ್ಟಿಗೆ ಅಂಟಿಸಿದ.

ಈ ಸಲ ಮಶೀನು ಉಗಿಯಲಿಲ್ಲ. ಕ್ಯಾಸೆಟ್ಟನ್ನು ನುಂಗಿ ಸುಮ್ಮನೆ ಕೂತಿತು. ಮಾಮ ಪ್ಲಾಸ್ಟರ್ ಸುತ್ತಿದ ಹೆಬ್ಬೆರಳನ್ನು ಉಲ್ಟಾ ಬಾಣದ ಮೇಲೆ ಇಟ್ಟ. ಒತ್ತಬೇಕು ಅಷ್ಟೇ. ಆಗ ಅವನಿಗೆ "ಸರಿ ಅಣ್ಣ" ಅಂದ ತಂಗಿಯ ಮುಖ ನೆನಪಾಯಿತು. ಆ ವಿಡಿಯೋದವನ ಆಲ್ಬಮ್ಮನ್ನು ಎರಡು ಸಲ ತಿರುವಿ ಹಾಕಿ, ಮಡಚಿ, ವಾಪಸು ಕೊಟ್ಟಿದ್ದಳು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ನಿನ್ನಿಂದ ಹೀಗಾಯ್ತು ಅಂದವಳಲ್ಲ. ಮಾಮನಿಗೆ ತನ್ನ ಮೇಲೇ ಅಸಹ್ಯವಾಯಿತು. ಬೆರಳು ಗುಂಡಿಯ ಮೇಲೇ ಇತ್ತು. ಒತ್ತುತ್ತಿದ್ದನೋ ತೆಗೆಯುತ್ತಿದ್ದನೋ, ಇವತ್ತಿಗೂ ಅವನಿಗೇ ಗೊತ್ತಿಲ್ಲ. ಅಷ್ಟರಲ್ಲಿ ಕರೆಗಂಟೆ ಬಡಿಯಿತು.

ತಂಗಿ ಬಂದಳು ಅಂದರೆ ಮೆಟ್ಟಿಲಿಗೇ ಗೊತ್ತಾಗುತ್ತದೆ. ಎರಡನೇ ಮಹಡಿಯಿಂದಲೇ ಮಾತು ಶುರು. ಅವಳ ಹಿಂದೆ ಅವಳ ಗಂಡ, ಮಾಮನಿಗೆ ಭಾವ. ಗಡಿಯಾರ ರಿಪೇರಿ ಮಾಡುವ ಮನುಷ್ಯ. ಹಗಲೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತು ಕೂತು, ಮಾತಾಡುವುದನ್ನೇ ಬಿಟ್ಟಿದ್ದ. ದಿನಕ್ಕೆ ಹನ್ನೆರಡು ಮಾತು, ಗಂಟೆಗೊಂದರಂತೆ, ಅಂತ ಮನೆಯವರೆಲ್ಲ ತಮಾಷೆ ಮಾಡುತ್ತಿದ್ದರು. ಆ ಹನ್ನೆರಡರಲ್ಲೂ ಎರಡು ಮಾತು ತಪ್ಪದೆ "ಊಟ ಮಾಡ್ತೀಯಾ?" ಅನ್ನುವುದೇ. ಹೆಂಡತಿಯನ್ನು ಒಂದು ಸಲ ಕೇಳಿ, ಸ್ವಲ್ಪ ಬಿಟ್ಟು ಇನ್ನೊಂದು ಸಲ ಕೇಳುತ್ತಿದ್ದ. ಮರೆವಿರಬೇಕು ಪಾಪ ಅಂದುಕೊಂಡಿದ್ದರು ಎಲ್ಲರೂ.

"ಏನಣ್ಣಾ, ಫಂಗಸ್ ಹೇಗಿದೆ?" ಅನ್ನುತ್ತಲೇ ತಂಗಿ ನೇರ ಮಶೀನಿನ ಹತ್ತಿರ ಹೋಗಿ, ಮಗಳು ತೋರಿಸಿದ ಗುಂಡಿ ಒತ್ತಿ ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ತಿರುಗಿಸಿ ನೋಡಿದಳು. ಬೆನ್ನಿನ ಮೇಲೆ ಪ್ಲಾಸ್ಟರ್. ಆಮೇಲೆ ಅಣ್ಣನ ಹೆಬ್ಬೆರಳು ನೋಡಿದಳು. ಅಲ್ಲೂ ಪ್ಲಾಸ್ಟರ್.

"ಇಬ್ಬರಿಗೂ ಒಟ್ಟಿಗೇ ಗಾಯ ಆಯ್ತಾ?" ಅಂತ ಕೇಳಿದಳು.

ಮಾಮ ಬೆರಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಸುಳ್ಳಲ್ಲ. ತಂಗಿ ಉಗುರಿನಿಂದ ಪ್ಲಾಸ್ಟರನ್ನು ಕೆರೆದು ಕಿತ್ತಳು. ಅವಳು ಅಷ್ಟು ತಾಳ್ಮೆಯಿಂದ ಕೀಳುವುದನ್ನು ನೋಡಲಾರದೆ ಮಾಮನ ಬಾಯಿಂದ ಮಾತು ತಾನಾಗಿ ಬಿತ್ತು.

"ತಂಗೀ, ಅದರಲ್ಲಿ ನಿನ್ನ ಮದುವೆ ಇಲ್ಲ ಕಣೇ."

ಅಡುಗೆಮನೆಯಲ್ಲಿ ಪಾತ್ರೆಗಳ ಜಗಳ ಬಿಟ್ಟು ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು.

"ಮತ್ತೇನಿದೆ ಮಾಮ?" ಅಂದಳು ಪುಟ್ಟಿ.

"ಚಪ್ಪಲಿ." ಮಾಮ ಸೋಫಾದ ಅಂಚಿನಲ್ಲಿ ಕುಸಿದು ಕೂತ. "ಕೆಂಪು ದೀಪ ಅಂದ್ರೆ ನಿಂತಿದೆ ಅಂದ್ಕೊಂಡೆ. ಅದು ಓಡ್ತಿತ್ತು. ಒಂದು ಮುಖ ಇಲ್ಲ. ಫಂಗಸ್ಸೂ ಇಲ್ಲ, ಸುಟ್ಟ ಮುಸುಡಿ ನಂದು. ಆ ವಿಡಿಯೋದವನನ್ನ ನಾನೇ ಓಡಿಸಿದೆನಲ್ಲ, ಹೆಂಗೆ ಹೇಳಲಿ ನಿಂಗೆ? ಈಗಲೂ ಅಳಿಸಿಹಾಕೋಕೆ ಹೊರಟಿದ್ದೆ. ಬೈಯಿ, ಏನಾದ್ರೂ ಅನ್ನು."

ತಂಗಿ ಕ್ಯಾಸೆಟ್ಟನ್ನು ಮಗಳ ಕೈಗೆ ಕೊಟ್ಟು, ಅಣ್ಣನ ಪಕ್ಕ ಸೋಫಾದಲ್ಲಿ ಜಾಗ ಮಾಡಿಕೊಂಡು ಕೂತು, "ಹಾಕೇ. ನೋಡೋಣ," ಅಂದಳು.

ಪುಟ್ಟಿ ಬೆನ್ನುನೋವನ್ನು ಹೊರಗೆ ತೆಗೆದು ಖಾಲಿ ಡಿಸ್ಕ್ ಹಾಕಿದಳು. ಎಡದಿಂದ ಬಲಕ್ಕೆ ಬಾಣ. ಟಿವಿ ತುಂಬ ನೆಲ ಬಂತು.

ಒಂದು ಜೊತೆ ಬಿಳಿ ಬೂಟು ಬಂತು, ಹೋಯಿತು. ಕುರ್ಚಿಯೊಂದರ ಕಾಲಿಗೆ ಯಾರೋ ಎಡವಿದರು. ಆಮೇಲೆ ಹೆಬ್ಬೆರಳ ಹತ್ತಿರ ಹರಿದ ಕಂದು ಚಪ್ಪಲಿಯೊಂದು ಕಂಡದ್ದೇ ತಡ, ಮಾಮನ ಹೆಂಡತಿ ಸೌಟು ಎತ್ತಿ, "ಅಯ್ಯೋ, ಇದು ನಿಮ್ಮ ದೊಡ್ಡಪ್ಪ ಕಣ್ರೀ! ಮದುವೆಗಾದ್ರೂ ಹೊಸದು ಹಾಕ್ಕೊಳ್ಳಿ ಅಂದ್ರೆ ಜಪ್ಪಯ್ಯ ಅನ್ನಲಿಲ್ಲ!" ಅಂತ ಕೂಗಿದಳು. ಅಲ್ಲಿಂದ ಶುರುವಾಯಿತು ನೋಡಿ. ಇದು ಯಾರದು, ಅದು ಯಾರದು. ಎರಡು ಕಾಲಿಗೂ ಬೇರೆ ಬೇರೆ ಬಣ್ಣದ ಕಾಲುಚೀಲ ಹಾಕಿದ್ದವರು ಪುಟ್ಟಿಯ ಶಾಲೆಯ ಹೆಡ್ ಮಾಸ್ತರು, ಆಗ ಬರೀ ಪಕ್ಕದ ಮನೆಯವರು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ಆಮೇಲೆ ಸಿಗದೆ ಕಾಲಿನಲ್ಲೇ ತಡಕಾಡುತ್ತಿದ್ದವಳು ಸಣ್ಣ ಚಿಕ್ಕಮ್ಮ. ಪುಟ್ಟಿ ನಕ್ಕು ನಕ್ಕು ನೆಲದ ಮೇಲೆ ಕೂತಳು.

ಮಾತುಗಳಂತೂ ಕೇಳಬೇಡಿ. ಮುಖವಿಲ್ಲದಿದ್ದರೇನು, ಕ್ಯಾಮೆರಾಕ್ಕೆ ಕಿವಿಯಿತ್ತಲ್ಲ. "ಹುಡುಗ ಮೂಗನಾ? ಬೆಳಗ್ಗೆಯಿಂದ ಒಂದು ಮಾತಿಲ್ಲ," ಅಂತ ಒಂದು ಹಸಿರು ಚಪ್ಪಲಿ ಕೇಳಿತು. "ಮೂಗನಾದ್ರೇನು ಬಿಡಿ, ನಮ್ಮ ಹುಡುಗಿ ಇಬ್ಬರ ಪಾಲಿಂದೂ ಮಾತಾಡ್ತಾಳೆ," ಅಂತ ಕಪ್ಪು ಚಪ್ಪಲಿ ಉತ್ತರ ಕೊಟ್ಟಿತು. ಭಾವ ಭುಜ ಕುಣಿಸಿ ನಕ್ಕ. ಇನ್ನೊಂದು ಕಡೆ ನೀಲಿ ಚಪ್ಪಲಿಯೊಂದು, "ನಮ್ಮೆಜಮಾನರ ಕೈಗೆ ಕ್ಯಾಮೆರಾ ಕೊಟ್ಟವರಿಗೆ ಬುದ್ಧಿ ಇಲ್ಲ. ಮನೇಲಿ ಬಲ್ಬ್ ಹಾಕೋಕೆ ಬರಲ್ಲ ಇವರಿಗೆ," ಅಂತು. ದನಿ ಕೇಳಿ ಎಲ್ಲರೂ ಮಾಮನ ಹೆಂಡತಿಯ ಕಡೆ ತಿರುಗಿದರು.

"ಸುಳ್ಳು ಹೇಳಿದೀನಾ?" ಅಂದಳು ಅವಳು, ಸೌಟು ಕೆಳಗಿಡದೆ.

ಅಡುಗೆ ಆರುತ್ತಿತ್ತು, ಯಾರೂ ಏಳಲಿಲ್ಲ. ಮಾಮನಿಗೆ ನಗುವೂ ಬರುತ್ತಿತ್ತು, ಒಳಗೆ ಚುಚ್ಚುತ್ತಲೂ ಇತ್ತು. ತಂಗಿ ನಗುತ್ತಿದ್ದಾಳೆ ಸರಿ. ಆದರೆ ಇಷ್ಟೆಲ್ಲ ಕಾಲುಗಳ ನಡುವೆ ಅವಳು ಮಾತ್ರ ಎಲ್ಲೂ ಇಲ್ಲವಲ್ಲ. ಒಂದೇ ಒಂದು ಸಲ ಅವಳ ಬಟ್ಟೆಯ ಅಂಚು ಸರ್ರನೆ ಹಾದುಹೋಗಿದ್ದು ಬಿಟ್ಟರೆ.

ಒಂದೂಮುಕ್ಕಾಲು ಗಂಟೆ ದಾಟಿದ ಮೇಲೆ ಟಿವಿಯಲ್ಲಿ ಲೋಕವೇ ಒಂದು ಸುತ್ತು ತಿರುಗಿ ಅಡ್ಡಲಾಗಿ ನಿಂತಿತು. ಮಾಮ ಕ್ಯಾಮೆರಾವನ್ನು ಯಾವುದೋ ಕುರ್ಚಿಯ ಮೇಲೆ ಮಗ್ಗುಲಾಗಿ ಮಲಗಿಸಿದ್ದ. ಹಾಲಿನ ಹಿಂದಿನ ಸಾಮಾನು ಕೋಣೆ. ಮಡಚಿಟ್ಟ ಕುರ್ಚಿಗಳು. ಅವುಗಳ ಮುಂದೆ, ಅಡ್ಡಡ್ಡವಾಗಿ, ಮೂವತ್ತೇಳು ವರ್ಷದ ಮಾಮನ ಮುಖ. ಮೀಸೆ ಕಪ್ಪಗಿತ್ತು. ಅವನ ಎದುರಿಗೆ, ಮದುವೆಯ ಕೋಟಿನಲ್ಲಿ, ಭಾವ.

"ಮುಖ ಬಂತು!" ಅಂತ ಪುಟ್ಟಿ ಚೀರಿದಳು. ಐದು ಜನವೂ ಒಂದೇ ಸಲಕ್ಕೆ ಕತ್ತನ್ನು ಎಡಗಡೆಗೆ ವಾಲಿಸಿದರು.

ಮಾಮ ದಡಕ್ಕನೆ ಎದ್ದುನಿಂತ. ಈ ಕೋಣೆ ಅವನಿಗೆ ನೆನಪಿತ್ತು. "ಬಂದ್ ಮಾಡೇ ಪುಟ್ಟೀ," ಅಂದ. ತಂಗಿ ಅವನ ಮೊಣಕೈ ಹಿಡಿದು ಕೂರಿಸಿದಳು.

ಟಿವಿಯ ಮಾಮ ಗಂಟಲು ಸರಿಮಾಡಿಕೊಂಡ. "ಭಾವ, ಸಹಿ ಹಾಕಿ ಆಯ್ತು, ಇನ್ನು ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಆದ್ರೂ ಸಾಮಾನು ಕೊಡುವಾಗ ಏನೇನು ಕುಂದಿದೆ ಅಂತ ಹೇಳಿ ಕೊಡೋದು ನನ್ನ ಕೆಲಸದ ಕ್ರಮ. ಕೇಳಿಸ್ಕೊಳ್ಳಿ. ಒಂದು, ನಿದ್ದೇಲಿ ಒದೀತಾಳೆ. ನೀವು ಗೋಡೆ ಕಡೆ ಮಲಗಿ, ಕೆಳಗೆ ಬೀಳೋದಿಲ್ಲ. ಎರಡು, ಜಿರಳೆ ಕಂಡ್ರೆ ಮೇಜು ಹತ್ತುತ್ತಾಳೆ. ನಗಬೇಡಿ. ಇಳಿಯೋಕೆ ಕೈ ಕೊಡಿ. ಮೂರು, ತಲೆ ಬಾಚೋವಾಗ ಹಾಡ್ತಾಳೆ. ರಾಗ ಚೂರೂ ಸರಿಯಿರಲ್ಲ. ತಡ್ಕೊಳ್ಳಿ. ನಿಲ್ಲಿಸು ಅಂದ್ರೆ ಆಮೇಲೆ ಹಾಡೋದೇ ಬಿಟ್ಟುಬಿಡ್ತಾಳೆ, ಮನೆ ಬಿಕೋ ಅನ್ನತ್ತೆ."

ಕೋಟಿನ ಭಾವ ತಲೆಯಾಡಿಸಿದ, ಅಡ್ಡಡ್ಡವಾಗಿ.

"ನಾಲ್ಕನೇದು ಮುಖ್ಯ. ಹಸಿವಿಲ್ಲ ಅಂತಾಳೆ. ಕೋಪ ಬಂದ್ರೂ ಹಸಿವಿಲ್ಲ, ಅಳು ಬಂದ್ರೂ ಹಸಿವಿಲ್ಲ. ನಂಬಬೇಡಿ. ಸುಳ್ಳು ಅದು. ನಮ್ಮ ಮನೇಲಿ ಎಲ್ಲರೂ ಹೇಳೋ ಸುಳ್ಳು. ಎರಡು ಸಲ ಕೇಳಿ. ಮೊದಲ ಸಲ ಬೇಡ ಅಂತಾಳೆ. ಎರಡನೇ ಸಲ ಕೇಳಿದ್ರೆ..." ಅಲ್ಲಿಗೆ ಟಿವಿಯ ಮಾಮನಿಗೆ ಮಾತು ನಿಂತುಹೋಯಿತು. ಕಪ್ಪು ಮೀಸೆ ಅದುರಿತು. ಕೈಯಲ್ಲಿದ್ದ ಮೇಜಿನ ಬಟ್ಟೆಯೊಂದನ್ನು ಮುಖಕ್ಕೆ ಒತ್ತಿಕೊಂಡು ಅವನು ಬಿಕ್ಕಿ ಬಿಕ್ಕಿ ಅತ್ತ. ಅಷ್ಟು ದೊಡ್ಡ ಗಂಡಸು, ಮಗು ಅತ್ತ ಹಾಗೆ ಅತ್ತ. ಆಮೇಲೆ ಬಟ್ಟೆಯೊಳಗಿನಿಂದಲೇ, "ಇದು ಒಂದೇ ಇದ್ದಿದ್ದು ಭಾವ. ಬದಲಿ ಇಲ್ಲ," ಅಂದ. "ನಾನತ್ತಿದ್ದು ಯಾರಿಗೂ ಹೇಳಬೇಡಿ. ಅವಳಿಗಂತೂ ಹೇಳಲೇಬೇಡಿ. ಅಣೆ."

ಆಣೆ ಅನ್ನುವುದಕ್ಕೂ ಬಾಯಿ ಸರಿಯಾಗಿ ತಿರುಗಿರಲಿಲ್ಲ. ಟಿವಿಯಲ್ಲಿ ಒಂದು ಕೈ ಬಂದು ಕ್ಯಾಮೆರಾ ಎತ್ತಿಕೊಂಡಿತು. ಮತ್ತೆ ನೆಲ, ಮತ್ತೆ ಬೂಟು.

ಯಾರೂ ಕತ್ತು ನೆಟ್ಟಗೆ ಮಾಡಲಿಲ್ಲ. ಭಾವನೇ ಮೊದಲು ಬಾಯಿಬಿಟ್ಟದ್ದು. "ನಾನು ಯಾರಿಗೂ ಹೇಳಿಲ್ಲ ಭಾವ," ಅಂದ, ಅಪರಾಧಿಯ ಹಾಗೆ.

"ಅವರು ಹೇಳಿಲ್ಲ," ಅಂದಳು ತಂಗಿ. "ನಾನೇ ನೋಡಿದೆ. ಮದುವೆಯಾಗಿ ಆರು ತಿಂಗಳಿಗೆ ಬಂದಿದ್ದೆನಲ್ಲ, ನೀನು ಕೆಲಸಕ್ಕೆ ಹೋಗಿದ್ದೆ. ಅತ್ತಿಗೆ ಮಲಗಿದ್ರು. ಹೆಡ್ಡು ಕೊಳೆಯಾಗಿದ್ಯೋ ಏನೋ ನೋಡೇಬಿಡೋಣ ಅಂತ ಹಾಕಿದೆ. ಪೂರ್ತಿ ನೋಡಿದೆ."

"ಹಲ್ಲು ಮುರಿದಿದ್ದು?"

"ನಾನೇ. ಇವರ ಗಡಿಯಾರದ ಸ್ಕ್ರೂಡ್ರೈವರ್ ಚೀಲದಲ್ಲಿತ್ತು. ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ? ಒಂದಲ್ಲ ಒಂದು ದಿನ ಇದರ ಮೇಲೆ ಇನ್ನೇನನ್ನೋ ತುಂಬಿ ಕೈ ತೊಳ್ಕೋತೀಯ ಅಂತ ಗೊತ್ತಿತ್ತು."

"ಮತ್ತೆ ಇಷ್ಟು ವರ್ಷ ಫಂಗಸ್ ಹೇಗಿದೆ, ಫಂಗಸ್ ಹೇಗಿದೆ ಅಂತ ಪ್ರಾಣ ತಿಂದೆಯಲ್ಲೇ, ಪಾಪಿ!"

"ಇನ್ನೂ ಏನೇನು ಸುಳ್ಳು ಹೇಳ್ತೀಯ ನೋಡೋಣ ಅಂತ."

ಮಾಮನಿಗೆ ಕೋಪ ಬರಬೇಕಿತ್ತು, ಬರಲಿಲ್ಲ. "ಬೇಜಾರಾಗಲಿಲ್ವೇನೇ ನಿಂಗೆ?" ಅಂತ ಕೇಳಿದ, ನೆಲ ನೋಡುತ್ತ.

"ಆಗದೆ ಇರತ್ತಾ? ಮೊದಲ ಒಂದು ಗಂಟೆ ನೀನು ಮನೆಗೆ ಬಂದ್ರೆ ಇದೇ ಕ್ಯಾಸೆಟ್ಟಲ್ಲಿ ತಲೆಗೆ ಹೊಡೀಬೇಕು ಅನ್ನಿಸ್ತು." ತಂಗಿ ಮೂಗು ಒರೆಸಿಕೊಂಡಳು. "ಆಮೇಲೆ ಇದು ಬಂತು. ಮದುವೇನ ನಾನು ನೋಡಿದೀನಲ್ಲ ಅಣ್ಣ, ಎಲ್ಲರಿಗಿಂತ ಮುಂದೇ ಕೂತಿದ್ದೆ. ಇದನ್ನ ನೋಡಿರಲಿಲ್ಲ. ಸದ್ಯ ಹೋದ್ಲು, ಮನೆ ತಣ್ಣಗಾಯ್ತು ಅಂತ ನೀನು ಹಾಲಿನ ಬಾಗಿಲಲ್ಲಿ ನಿಂತು ಜೋಕ್ ಮಾಡಿದ್ದೆ. ಅದನ್ನೇ ನಿಜ ಅಂದ್ಕೊಂಡು ಆರು ತಿಂಗಳು ಸಿಟ್ಟಲ್ಲಿದ್ದೆ ನಾನು."

ಮಾಮನಿಗೆ ಆ ಜೋಕು ನೆನಪೂ ಇರಲಿಲ್ಲ. ಹೆಬ್ಬೆರಳಿನ ಪ್ಲಾಸ್ಟರನ್ನು ಬಿಚ್ಚಿ ಮಡಚಿ, ಮತ್ತೆ ಬಿಚ್ಚಿ ಮಡಚಿದ.

ಟೇಪು ಮುಗಿದಾಗ ಮಧ್ಯಾಹ್ನ ಮೂರೂವರೆ. ಪುಟ್ಟಿ ಕಣ್ಣೊರೆಸಿಕೊಂಡು, ಎಕ್ಸ್-ರೇ ಕೋಣೆಯ ದನಿ ತಂದುಕೊಂಡು, "ಇನ್ನು ಡಿಸ್ಕಿಗೆ ಮೊಹರು ಹಾಕಬೇಕು. ಹಾಕದಿದ್ರೆ ಬೇರೆ ಮಶೀನಲ್ಲಿ ಓಡಲ್ಲ. ಹಾಕಿದ್ಮೇಲೆ ಏನೂ ತೆಗೆಯೋಕೆ ಬರಲ್ಲ. ಮಾಮ, ನಾಳೆ ನೂರು ಜನ ನೋಡ್ತಾರೆ. ಆ ಅಳೋ ಭಾಗ ಇರ್ಲಾ, ತೆಗೀಲಾ?" ಅಂದಳು.

ಮಾಮ ತಂಗಿಯ ಮುಖ ನೋಡಿದ. ಅವಳು ನಿನ್ನಿಷ್ಟ ಅನ್ನುವ ಹಾಗೆ ಕಿಟಕಿಯ ಕಡೆ ತಿರುಗಿದ್ದಳು. ಆಲ್ಬಂ ಮಡಚಿ ವಾಪಸು ಕೊಟ್ಟ ದಿನ ತಿರುಗಿದ್ದ ಹಾಗೇ.

"ಮೊಹರಿಗೆ ಯಾವ ಗುಂಡಿ?" ಅಂತ ಕೇಳಿ, ಎದ್ದು ಹೋಗಿ, ತಾನೇ ಒತ್ತಿದ. ಮಶೀನಿನ ಮೂಲೆಯಲ್ಲಿ ಪುಟ್ಟ ಕೆಂಪು ದೀಪ ಹತ್ತಿತು. ಮಾಮ ಬೆಚ್ಚಿಬಿದ್ದ. "ಅಯ್ಯೋ, ನಿಂತುಹೋಯ್ತಾ?"

"ಇಲ್ಲ ಮಾಮ, ಓಡ್ತಿದೆ," ಅಂದಳು ಪುಟ್ಟಿ.

ಹೆಂಡತಿ ಆರಿದ ಅಡುಗೆಯನ್ನು ಬಿಸಿ ಮಾಡಿ, ತಟ್ಟೆ ಹಾಕಿ ಎಲ್ಲರನ್ನೂ ಕೂಗಿದಳು. ಎಲ್ಲರೂ ಎದ್ದರು. ಮಾಮ ಮಾತ್ರ ಆ ಕೆಂಪು ದೀಪದ ಮುಂದೆ ನಿಂತೇ ಇದ್ದ. ಕಣ್ಣು ಮಂಜಾಗಿ ಒಂದು ದೀಪ ಎರಡಾಗಿ ಕಾಣುತ್ತಿತ್ತು. ಈ ಮುಖ ಹೊತ್ತುಕೊಂಡು ಊಟಕ್ಕೆ ಹೇಗೆ ಕೂರುವುದು?

ಭಾವ ಅವನ ಬೆನ್ನ ಹಿಂದೆ ಬಂದು ನಿಂತ. "ಭಾವ, ಊಟ ಮಾಡ್ತೀರಾ?"

"ನೀವೆಲ್ಲ ಮಾಡಿ. ನಂಗೆ ಹಸಿವಿಲ್ಲ," ಅಂದ ಮಾಮ, ತಿರುಗದೆ.

ಭಾವ ಹೋಗಲಿಲ್ಲ. ಆಮೇಲೆ, ಅದೇ ದನಿಯಲ್ಲಿ, ಇನ್ನೊಂದು ಸಲ ಕೇಳಿದ.

"ಭಾವ, ಊಟ ಮಾಡ್ತೀರಾ?"

ಮಾಮ ಕೈ ತೊಳೆಯಲು ಹೋದ.